ಬಯಕೆ ಕೇಳುವವರು

ಬನ್ನಿ, ಹತ್ತಿರ ಬಂದು ಕೂಡ್ರಿ. ಹಿಂದೆ ಕೂತವರಿಗೆ ಕೇಳಿಸುವುದಿಲ್ಲ. ಆಮೇಲೆ ಮೊದಲಿಂದ ಹೇಳು ಅಂದರೆ ನಾನು ಹೇಳುವವಳಲ್ಲ.

ಹೊಳೆಯ ಆಚೆ ದಂಡೆಗೆ ಒಂದು ರಾಜ್ಯ ಇತ್ತು. ಆ ರಾಜ್ಯಕ್ಕೊಬ್ಬ ರಾಜ. ವಯಸ್ಸಾಗಿತ್ತು, ಒಳ್ಳೆಯವನೇ. ಆದರೆ ಎದುರಿಗೆ ಬಂದು ನಿಂತು ಹೇಳಿದ್ದು ಮಾತ್ರ ಅವನ ಕಿವಿಗೆ ಬೀಳುತ್ತಿತ್ತು. ಉಳಿದದ್ದನ್ನೆಲ್ಲ ನೋಡಿಕೊಳ್ಳಲು ಬಸಲಿಂಗ ಎಂಬ ಪ್ರಧಾನಿಯಿದ್ದ. ಅವನೂ ನೋಡಿಕೊಂಡ, ಇಲ್ಲ ಅನ್ನುವುದಿಲ್ಲ. ಮೊದಲು ತನ್ನದನ್ನು ನೋಡಿಕೊಂಡ.

ರಾಜನಿದ್ದ ಊರಲ್ಲಿ ಮೂರು ಓಣಿ. ಗುಡಿ ಓಣಿಯವರು ಶಿವನನ್ನು ನೆನೆಯುವವರು. ದರ್ಗಾ ಓಣಿಯವರು ಅಲ್ಲಾನನ್ನು ನೆನೆಯುವವರು. ಬಸದಿ ಓಣಿಯವರು ಜಿನನನ್ನು ನೆನೆಯುವವರು. ದೇವರು ಬೇರೆ, ಹಬ್ಬ ಬೇರೆ, ಒಗ್ಗರಣೆಯ ವಾಸನೆಯೂ ಬೇರೆ. ಆದರೆ ಊರಿಗೊಂದು ಪದ್ಧತಿಯಿತ್ತು. ಯಾವ ಓಣಿಯಲ್ಲೇ ಆಗಲಿ, ಯಾವ ಮನೆಯಲ್ಲೇ ಆಗಲಿ, ಒಬ್ಬ ಹೆಣ್ಣುಮಗಳು ಬಸುರಿಯಾದಳು ಅಂದರೆ ಸಾಕು, ಮೂರೂ ಓಣಿಯಿಂದ ಒಬ್ಬೊಬ್ಬ ಹೆಂಗಸು ಹೊರಟು, ಮೂವರೂ ಕೂಡಿ ಆ ಮನೆಗೆ ಹೋಗುತ್ತಿದ್ದರು. ಬಯಕೆ ಕೇಳುವವರು ಅಂತಲೇ ಅವರಿಗೆ ಹೆಸರು. ಯಾರೂ ನೇಮಿಸಿದವರಲ್ಲ, ಯಾರೂ ಕೂಲಿ ಕೊಟ್ಟವರಲ್ಲ. ತಾವಾಗಿಯೇ ಮುಂದೆ ಬಂದವರು. ಗುಡಿ ಓಣಿಯಿಂದ ಕಲ್ಲವ್ವ, ದರ್ಗಾ ಓಣಿಯಿಂದ ದಾವಲಬಿ, ಬಸದಿ ಓಣಿಯಿಂದ ಜಿನ್ನವ್ವ.

ಏನು ಬೇಕು ಅಂತ ಅವರು ಕೇಳುತ್ತಿರಲಿಲ್ಲ. "ಯಾರ ಮನಿ ಊಟ ನೆನಪಾಗೇತಿ, ನನ್ನವ್ವಾ?" ಅಂತ ಕೇಳುತ್ತಿದ್ದರು. ಯಾಕೆಂದರೆ ತನ್ನ ಒಲೆಯ ಮೇಲೆ ಬೆಂದದ್ದು ಬಯಕೆಯೂಟ ಅಲ್ಲ ಅನ್ನುವುದು ಆ ಊರಿನ ಕಟ್ಟಳೆ. ಬಸುರಿ ಹೆಸರು ಹೇಳಿದ ಮನೆಗೆ ಕೇಳುವವರು ಹೋಗಬೇಕು, ಆ ಮನೆಯವರು ಮಾಡಿಕೊಡಬೇಕು. ಇಬ್ಬರೂ ಇಲ್ಲ ಅನ್ನುವ ಹಾಗಿಲ್ಲ. ಇಲ್ಲ ಅಂದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆಯಂತೆ! ಸೋರುತ್ತದೋ ಬಿಡುತ್ತದೋ, ನಾನು ಕಂಡಿಲ್ಲ. ಆ ಹೆದರಿಕೆಯಿಂದ ಒಂದು ಓಣಿಯ ತಾಟು ಇನ್ನೊಂದು ಓಣಿಯಲ್ಲಿ ತಿರುಗಾಡುತ್ತಿದ್ದದ್ದು ಮಾತ್ರ ನಿಜ.

ಹೀಗಿರುವಾಗ ಪ್ರಧಾನಿ ಒಂದು ಕೆಲಸ ಮಾಡಿದ. ಊರ ದನ ಮೇಯುವ ಗೋಮಾಳಕ್ಕೆ ಬೇಲಿ ಹಾಕಿ ತನ್ನ ಕುದುರೆಗಳನ್ನು ಬಿಟ್ಟುಕೊಂಡ. ಬಯಕೆ ಕೇಳುವವರು ಮನೆ ಮನೆಗೆ ಹೋಗುವವರಲ್ಲವೇ? ಹೋದಲ್ಲೆಲ್ಲ ಇದೇ ಮಾತು ಬಂತು. ಮೂರು ಓಣಿಯವರೂ ಕೂಡಿ ರಾಜನೆದುರು ಹೋಗಿ ನಿಲ್ಲೋಣ ಅನ್ನುವವರೆಗೂ ಬಂತು. ಸುದ್ದಿ ಪ್ರಧಾನಿಯ ಕಿವಿಗೆ ಬಿತ್ತು. ಈ ಮೂವರು ಹೆಂಗಸರನ್ನು ಬಿಡಿಸಿದರೆ ಊರೇ ಬಿಡಿಬಿಡಿಯಾಗುತ್ತದೆ ಅಂತ ಅವನು ಲೆಕ್ಕ ಹಾಕಿದ.

ಮೊದಲು ಕಲ್ಲವ್ವನ ಮನೆಗೆ ಹೋದ. "ಕಲ್ಲವ್ವಾ, ದಾವಲಬಿ, ಜಿನ್ನವ್ವ ಇಬ್ಬರೂ ಹೇಳಿ ಕಳಿಸ್ಯಾರ. ಇನ್ನ ಮ್ಯಾಲೆ ನಿನ್ನ ಹೊಸ್ತಿಲ ತುಳಿಯಂಗಿಲ್ಲಂತ."

ಆಮೇಲೆ ದಾವಲಬಿಯ ಮನೆಗೆ ಹೋದ. "ಏ ದಾವಲಬಿ, ಕಲ್ಲವ್ವ ಮತ್ತ ಜಿನ್ನವ್ವ ಇಬ್ಬರೂ ಹೇಳಿ ಕಳಿಸ್ಯಾರ. ಇನ್ನ ಮ್ಯಾಲೆ ನಿನ್ನ ಹೊಸ್ತಿಲ ತುಳಿಯಂಗಿಲ್ಲಂತ."

ಜಿನ್ನವ್ವನ ಮನೆಯಲ್ಲಿ ಏನು ಹೇಳಿದ ಅಂತ ನಿಮಗೇ ಗೊತ್ತು.

ಮೂವರಿಗೂ ಸಿಟ್ಟು ಬರಲಿಲ್ಲ. ಬಂದಿದ್ದರೆ ಚಲೋ ಇತ್ತು, ಹೋಗಿ ಜಗಳವಾಡುತ್ತಿದ್ದರು, ಜಗಳದಲ್ಲಿ ನಿಜ ಹೊರಗೆ ಬೀಳುತ್ತಿತ್ತು. ಅವರಿಗೆ ಬಂದದ್ದು ಮುನಿಸು. ಅವಳೇ ಬರಲಿ, ಅವಳೇ ಮಾತಾಡಿಸಲಿ ಅಂತ ಒಬ್ಬೊಬ್ಬಳೂ ತನ್ನ ತನ್ನ ಬಾಗಿಲಲ್ಲಿ ಕೂತಳು. ಊರೆಲ್ಲ ತಿರುಗಿ ಕೇಳುವುದನ್ನೇ ಕೆಲಸ ಮಾಡಿಕೊಂಡವರು ಇದೊಂದನ್ನು ಕೇಳಲಿಲ್ಲ ನೋಡಿ! ಅವರ ಮುನಿಸು ಓಣಿಗೆ ಹತ್ತಿತು. ತಾಟುಗಳು ಗೂಡು ಸೇರಿದವು. ರಾಜನೆದುರು ಯಾರೂ ಹೋಗಲಿಲ್ಲ. ಪ್ರಧಾನಿಯ ಕುದುರೆಗಳು ಗೋಮಾಳದಲ್ಲಿ ಮೇದು ಮೈ ಬಂದು ಹೊಳೆಯತೊಡಗಿದವು.

ವರ್ಷಗಳು ಉರುಳಿದವು. ಪ್ರಧಾನಿಗೆ ಒಬ್ಬಳೇ ಮಗಳು, ಹೊನ್ನವ್ವ ಅಂತ. ಹೆತ್ತ ತಾಯಿ ಹೆರಿಗೆಯಲ್ಲೇ ಹೋಗಿದ್ದಳು. ಎಣ್ಣೆ ಹಚ್ಚಿ ಎರೆದವಳು ಕಲ್ಲವ್ವ, ತೊಡೆಯ ಮೇಲೆ ಹಾಕಿಕೊಂಡು ತಟ್ಟಿದವಳು ದಾವಲಬಿ, ಬೆರಳಿಗೆ ಬೆರಳು ಕೊಟ್ಟು ನಡೆಸಿದವಳು ಜಿನ್ನವ್ವ. ಮೂವರನ್ನೂ ತಾಯಿಯ ತಂಗಿಯರನ್ನು ಕರೆದ ಹಾಗೆ ಚಿಗವ್ವ ಅಂತಲೇ ಕರೆದು ಬೆಳೆದವಳು. ಈ ಮುನಿಸು ಹುಟ್ಟುವ ಮೊದಲೇ ಅವಳನ್ನು ದೂರದ ಊರಿಗೆ ಕೊಟ್ಟಿದ್ದರು. ಈಗ ಚೊಚ್ಚಲ ಬಸುರಿಯಾಗಿ ಬಾಣಂತನಕ್ಕೆ ತವರಿಗೆ ಬಂದಳು.

ಗಂಡನ ಮನೆಯಲ್ಲಿ ಅವಳಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಅತ್ತೆ ಏನು ಬಡಿಸಿದರೂ ಅವಳ ಜೀವ ಊರ ಕಡೆ ಎಳೆಯುತ್ತಿತ್ತು. 'ಇರಲಿ, ಊರಿಗೆ ಹೋದ ಮೇಲೆ ಮೂವರೂ ಬರುತ್ತಾರೆ, ಕೇಳುತ್ತಾರೆ' ಅಂತ ಬಯಕೆಗಳನ್ನು ಒಂದೊಂದಾಗಿ ಎತ್ತಿಟ್ಟುಕೊಂಡು ಬಂದಿದ್ದಳು.

ಬಂದ ಮರುದಿನ ಬೆಳಿಗ್ಗೆಯೇ ಬಾಗಿಲ ಕಟ್ಟೆಯ ಮೇಲೆ ಕೂತಳು. ಬಸದಿ ಓಣಿಯ ದಾರಿ ನೋಡಿದಳು, ಯಾರೂ ಬರಲಿಲ್ಲ. ಮಧ್ಯಾಹ್ನ ದರ್ಗಾ ಓಣಿಯ ದಾರಿ ನೋಡಿದಳು, ಯಾರೂ ಬರಲಿಲ್ಲ. ಸಂಜೆ ಗುಡಿ ಓಣಿಯ ದಾರಿ ನೋಡಿದಳು, ದನ ಬಂದವು, ಧೂಳು ಬಂತು, ಕಲ್ಲವ್ವ ಬರಲಿಲ್ಲ. ಹೊನ್ನವ್ವನಿಗೆ ದುಃಖ ಉಕ್ಕಿ ಬಂತು. ತಾಯಿಯ ಮುಖ ಕಾಣದವಳಿಗೆ ಆ ದಿನ ತಾಯಿ ಇನ್ನೊಮ್ಮೆ ಹೋದ ಹಾಗಾಯಿತು.

"ಅಪ್ಪಾ, ಚಿಗವ್ವಂದಿರು ಯಾಕ ಬರಲಿಲ್ಲ?"

"ಅವರೊಳಗ ಕೂಡಿ ಬರಲಿಲ್ಲವ್ವಾ. ಹೆಂಗಸರ ಮಾತು, ಬಿಡು ಅತ್ತಾಗ. ನಿನಗೇನ ಬೇಕು ಹೇಳು, ನಾ ತರಿಸ್ತೀನಿ."

"ನನಗ ಬಯಕಿ ಕೇಳವರು ಬೇಕು."

ಅಷ್ಟು ಹೇಳಿ ಎದ್ದು ಒಳಗೆ ಹೋದಳು. ಊಟದ ತಾಟು ಮುಟ್ಟಿದರೆ ಮುಟ್ಟಿದಳು, ಬಿಟ್ಟರೆ ಬಿಟ್ಟಳು. ದಿನ ಕಳೆದಂತೆ ಕೆನ್ನೆ ಒಳಗೆ ಹೋಯಿತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, "ಹಿಂಗಾದ್ರ ತಾಯಿಗೂ ಕಷ್ಟ, ಕೂಸಿಗೂ ಕಷ್ಟ ರೀ ಪ್ರಧಾನ್ಯಾರ" ಅಂದಳು. ಮಗಳ ತಾಯಿ ಹೀಗೇ ಸೊರಗಿ ಹೆರಿಗೆಯಲ್ಲಿ ಹೋದದ್ದು ಪ್ರಧಾನಿಗೆ ನೆನಪಾಯಿತು.

ಆದರೂ ಬುದ್ಧಿ ಬಿಡಬೇಕಲ್ಲ! ಮೊದಲು ಅಡುಗೆಯವರನ್ನು ಕರೆಸಿ ಒಲೆ ಮುಂದೆ ಕೂಡಿಸಿ ಬಗೆಬಗೆಯ ಅಡುಗೆ ಮಾಡಿಸಿದ. ಹೊನ್ನವ್ವ ನೋಡಿದಳು. "ಇದು ನಮ್ಮ ಒಲಿ ಮ್ಯಾಲಿಂದು, ಬಯಕಿ ಊಟ ಅಲ್ಲಪ್ಪಾ" ಅಂದಳು.

ಆಮೇಲೆ ಮನೆಯ ಮೂವರು ದಾಸಿಯರಿಗೆ ಮೂರು ಓಣಿಯವರ ಹಾಗೆ ಸೀರೆ ಉಡಿಸಿ, ಸೆರಗು ಮುಖದ ತನಕ ಎಳೆಸಿ, ಕೈಗೆ ತಾಟು ಕೊಟ್ಟು ಬೀದಿ ಬಾಗಿಲಿಂದ ಕಳಿಸಿದ. ದಾಸಿಯರು ಬಂದು ನಿಂತು ಗಂಟಲು ಸರಿಮಾಡಿಕೊಂಡು "ಏನು ಬೇಕ್ರೀ ಅಕ್ಕಾವ್ರ?" ಅಂದರು. ಅಷ್ಟು ದಿನಗಳ ಮೇಲೆ ಹೊನ್ನವ್ವ ಅವತ್ತು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಕಣ್ಣೀರು ಮಾತ್ರ ನಗೆ ನಿಂತ ಮೇಲೂ ನಿಲ್ಲಲಿಲ್ಲ.

ಮೂರನೆಯ ಸಲ ಪ್ರಧಾನಿಗೆ ಬೇರೆ ದಾರಿ ಉಳಿಯಲಿಲ್ಲ. ನಿಜವಾದ ಮೂವರನ್ನೇ ಕರೆಸಿದ. ಆದರೆ ಒಟ್ಟಿಗೆ ಕರೆಸಿದರೆ ಗುಟ್ಟು ಬಯಲಾಗುವುದಲ್ಲ? ಬೆಳಿಗ್ಗೆ ಒಬ್ಬಳು, ಮಧ್ಯಾಹ್ನ ಒಬ್ಬಳು, ಸಂಜೆ ಒಬ್ಬಳು ಬರಲಿ ಅಂದ. ಬಯಕೆ ಬಿಟ್ಟು ಬೇರೆ ಮಾತು ಕೂಡದು ಅಂತ ತಾಕೀತು ಮಾಡಿದ. ತಾನು ಕದದ ಹಿಂದೆ ಕಿವಿಗೊಟ್ಟು ನಿಂತ.

ಬೆಳಿಗ್ಗೆ ಜಿನ್ನವ್ವ ಬಂದಳು. ಹೊನ್ನವ್ವನ ಕೆನ್ನೆ ಸವರಿದಳು. ಸವರುತ್ತ ಪಡಸಾಲೆಯ ಆ ಮೂಲೆ ಈ ಮೂಲೆ ನೋಡಿದಳು, ಯಾರೋ ಇರಬೇಕಾಗಿತ್ತು ಅನ್ನುವ ಹಾಗೆ. ಹೊನ್ನವ್ವ ಅದನ್ನು ಕಂಡಳು. ಇವಳಿಗೂ ನನ್ನ ಹಾಗೇ ಬಯಕೆಯಿದೆ ಅಂತ ಅವಳಿಗೆ ಗೊತ್ತಾಯಿತು. ಕದದ ಸಂದಿಯಲ್ಲಿ ಅಪ್ಪನ ಪೇಟದ ತುದಿ ಕಾಣುತ್ತಿತ್ತು. ಏನು ಮಾಡಬೇಕು ಅಂತ ಆಗಲೇ ಅವಳಿಗೆ ಹೊಳೆಯಿತು.

"ಯಾರ ಮನಿ ಊಟ ನೆನಪಾಗೇತಿ, ನನ್ನವ್ವಾ?" ಅಂದಳು ಜಿನ್ನವ್ವ.

"ದಾವಲಬಿ ಚಿಗವ್ವನ ಮನಿ ಬೆಲ್ಲದ ಚೊಂಗೆ. ನೀನೇ ಹೋಗಿ ಇಸ್ಕೊಂಡು ಬಾ."

ಜಿನ್ನವ್ವ ಕೆನ್ನೆ ಸವರುತ್ತಿದ್ದ ಕೈ ಹಿಂದಕ್ಕೆ ತೆಗೆದಳು. ಇಲ್ಲ ಅನ್ನುವ ಹಾಗಿಲ್ಲ, ಹ್ಞೂಂ ಅಂದು ಹೋದಳು.

ಮಧ್ಯಾಹ್ನ ದಾವಲಬಿ ಬಂದಳು. ಅವಳೂ ಪಡಸಾಲೆಯ ಮೂಲೆ ಮೂಲೆ ನೋಡಿದಳು. "ಕಲ್ಲವ್ವ ಚಿಗವ್ವನ ಮನಿ ಪುಂಡಿಪಲ್ಯ ನೆನಪಾಗೇತಿ. ನೀನೇ ಹೋಗಿ ಇಸ್ಕೊಂಡು ಬಾ" ಅಂದಳು ಹೊನ್ನವ್ವ. "ಯಾ ಅಲ್ಲಾ!" ಅಂತ ದಾವಲಬಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಇಲ್ಲ ಅನ್ನುವ ಹಾಗಿಲ್ಲ, ಹ್ಞೂಂ ಅಂದು ಹೋದಳು.

ಸಂಜೆ ಕಲ್ಲವ್ವ ಬಂದಳು. "ಜಿನ್ನವ್ವ ಚಿಗವ್ವ ಕುಟ್ಟಿದ ಹುಣಸಿ ಚಿಗಳಿ ಬೇಕು. ನೀನೇ ಹೋಗಿ ಇಸ್ಕೊಂಡು ಬಾ." ಕಲ್ಲವ್ವ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಹ್ಞೂಂ ಅಂದು ಹೋದಳು.

ಕದದ ಹಿಂದಿದ್ದ ಪ್ರಧಾನಿ ಬೆವರು ಒರೆಸಿಕೊಂಡ. ಬಯಕೆ ಬಿಟ್ಟು ಬೇರೆ ಮಾತೇ ಬರಲಿಲ್ಲ, ಗೆದ್ದೆ ಅಂದುಕೊಂಡ. ಜಾಣರಿಗೆ ಕೆಲವು ಸಲ ಹೀಗಾಗುತ್ತದೆ.

ಮೂವರೂ ಮನೆಯಲ್ಲಿ ಕೂತು ಸಂಕಟಪಟ್ಟರು. ತುಳಿಯಂಗಿಲ್ಲ ಅಂದವಳ ಹೊಸ್ತಿಲಿಗೆ ಹೇಗೆ ಹೋಗಲಿ? ಹೋಗದಿದ್ದರೆ ನಮ್ಮ ಹೊನ್ನಿಯ ಗತಿಯೇನು? ಬೆಳಗಾದದ್ದೇ ತಡ, ಮೂವರೂ ಬರಿ ತಾಟು ಹಿಡಿದು ಎದ್ದರು. ಜಿನ್ನವ್ವ ದಾವಲಬಿಯ ಮನೆಗೆ ಹಿಂದಿನ ಹಿತ್ತಲ ದಾರಿಯಿಂದ ಹೋದಳು, ಯಾರೂ ನೋಡದಿರಲಿ ಅಂತ. ದಾವಲಬಿಯೂ ಹಾಗೇ ಹಿತ್ತಲ ದಾರಿ ಹಿಡಿದು ಕಲ್ಲವ್ವನ ಮನೆಗೆ ಹೋದಳು. ಕಲ್ಲವ್ವನೂ ಹಾಗೇ ಜಿನ್ನವ್ವನ ಮನೆಗೆ ಹೋದಳು. ಒಬ್ಬಳು ಇನ್ನೊಬ್ಬಳ ಮನೆಗೆ ಹೋದರೆ ಮನೆಯಲ್ಲಿ ಇರುವವರು ಯಾರು, ಹೇಳಿ? ಮೂರು ಮನೆಯ ಬಾಗಿಲಿಗೂ ಚಿಲಕ!

'ನಾನು ಬರುವುದನ್ನು ಕಂಡೇ ಎದ್ದು ಹೋಗಿದ್ದಾಳೆ' ಅಂದುಕೊಂಡಳು ಒಬ್ಬೊಬ್ಬಳೂ. ಬರಿ ತಾಟು ಎದೆಗವಚಿಕೊಂಡು, ಕಣ್ಣು ತುಂಬಿಕೊಂಡು, ಇನ್ನು ಯಾರು ನೋಡಿದರೇನು ಅಂತ ನಡುಬೀದಿಯಲ್ಲೇ ಮರಳಿದರು. ಮೂರು ಓಣಿ ಕೂಡುವಲ್ಲಿ ಒಂದು ಬೇವಿನ ಮರ. ಅಲ್ಲಿ ಮೂವರೂ ಎದುರುಬದುರಾದರು.

"ಎಲ್ಲಿಗೆ ಹೋಗಿದ್ದಿ?" ಅಂದಳು ಜಿನ್ನವ್ವ.

"ಕಲ್ಲವ್ವನ ಮನಿಗೆ," ಅಂದಳು ದಾವಲಬಿ. "ಆಕಿ ಇರಲಿಲ್ಲ."

"ನಾ ಜಿನ್ನವ್ವನ ಮನಿಗೆ ಹೋಗಿದ್ದೆ," ಅಂದಳು ಕಲ್ಲವ್ವ.

"ನಾ ದಾವಲಬಿ ಮನಿ ಮುಂದ ಈಗಿನ ತನಕಾ ನಿಂತು ಬಂದೆ," ಅಂದಳು ಜಿನ್ನವ್ವ.

ಮೂವರೂ ಒಬ್ಬರ ತಾಟು ಒಬ್ಬರು ನೋಡಿದರು.

"ನನ್ನ ಹೊಸ್ತಿಲ ತುಳಿಯಂಗಿಲ್ಲ ಅಂದಿದ್ದಿ?"

"ನಾ ಎಲ್ಲಿ ಅಂದೆ? ನೀನಂದಿದ್ದಿ!"

"ಯಾರ ಹೇಳಿದರು ನಿನಗ?"

ಮೂವರ ಬಾಯಲ್ಲೂ ಒಂದೇ ಹೆಸರು ಬಂತು. ಬೇವಿನ ಮರದ ಕೆಳಗೆ ಮೂವರೂ ತಬ್ಬಿಕೊಂಡು ಅತ್ತದ್ದು ಮೂರು ಓಣಿಗೂ ಕೇಳಿಸಿತು. ಜನ ಓಡಿ ಬಂದರು.

ಆ ದಿನ ಪ್ರಧಾನಿಯ ಮನೆಗೆ ಚೊಂಗೆ ಬಂತು, ಪುಂಡಿಪಲ್ಯ ಬಂತು, ಹುಣಸೆ ಚಿಗಳಿ ಬಂತು. ತಾಟಿನ ಹಿಂದೆ ಮೂವರು ಚಿಗವ್ವಂದಿರು, ಅವರ ಹಿಂದೆ ಮೂರು ಓಣಿ. ಪ್ರಧಾನಿ ಕದ ಹಾಕಲು ಓಡಿದ. ಹೊಸ್ತಿಲ ನಡುವೆ ತುಂಬು ಬಸುರಿ ಮಗಳು ಕೂತಿದ್ದಳು, ಕದ ಹಾಕುವುದು ಹೇಗೆ? ಮೂವರೂ ಅವಳ ಸುತ್ತ ಕೂತು, ನಡೆದದ್ದನ್ನೆಲ್ಲ ಹೇಳುತ್ತ, ಒಂದೊಂದೇ ತುತ್ತು ಬಾಯಿಗಿಟ್ಟರು. ಹೊನ್ನವ್ವ ಅಳುತ್ತ ಉಂಡಳು, ಉಣ್ಣುತ್ತ ಅತ್ತಳು. ಉಂಡಾದ ಮೇಲೆ ಕೈತೊಳೆದು ಅಪ್ಪನನ್ನು ಕೇಳಿದಳು, "ಗೋಮಾಳಕ್ಕಾಗಿ ಇಷ್ಟು ಮಂದಿ ಬಯಕಿ ಸುಟ್ಟಿ ಏನಪ್ಪಾ?"

ಮೂರು ಓಣಿಯವರೂ ಅಲ್ಲಿಂದ ನೇರ ಹೋಗಿ ರಾಜನೆದುರು ನಿಂತರು. ಎದುರು ನಿಂತು ಹೇಳಿದ್ದು ಅವನಿಗೆ ಕೇಳಿಸಿತು. ಗೋಮಾಳದ ಬೇಲಿ ಕಿತ್ತು ಹೋಯಿತು, ಪ್ರಧಾನಿಗಿರಿ ಹೋಯಿತು. ಬಯಕೆ ಕೇಳುವವರ ಹಿಂದೆ ತಾಟಿನ ಬುಟ್ಟಿ ಹೊತ್ತು ಮನೆ ಮನೆಗೆ ತಿರುಗು ಅಂತ ರಾಜ ಅವನಿಗೆ ಅಪ್ಪಣೆ ಮಾಡಿದ. ಊರ ಮಂದಿ ನಕ್ಕರು. ನೀವೂ ನಗಿರಿ, ಅಡ್ಡಿಯಿಲ್ಲ.

ಹೊನ್ನವ್ವ ಹೆಣ್ಣು ಹೆತ್ತಳು. ಬಾಣಂತನ ಮುಗಿದ ಮೇಲೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಅವಳೂ ಮೂವರ ಜೊತೆ ಹೊರಟಳು. ಮುನಿಸಿನ ವರ್ಷಗಳಲ್ಲಿ ಯಾರೂ ಕೇಳದೆ ಉಳಿದ ಮನೆಗಳು ಎಷ್ಟೋ ಇದ್ದವಲ್ಲ, ಆ ಮನೆಗಳಿಗೆಲ್ಲ ಹೋದಳು.

ಕುಂಬಾರರ ಸಿದ್ದವ್ವನ ಮನೆಗೆ ಹೋದಾಗ ಅವಳ ಮಗ ಅಂಗಳದಲ್ಲಿ ಓಡಾಡುತ್ತಿದ್ದ. ಆಗಿನ ಬಯಕೆ ಕೇಳಿ ತಂದ ಚೊಂಗೆಯ ತಾಟು ಮುಂದಿಟ್ಟರು. ಸಿದ್ದವ್ವ ಅದನ್ನೇ ನೋಡುತ್ತ ಕೂತಳು.

"ಇವ ಹೊಟ್ಟ್ಯಾಗಿದ್ದಾಗ ಇದನ್ನ ನೆನಸಿ ದಿನಾ ಹೊಸ್ತಿಲದಾಗ ಕುಂದರ್ತಿದ್ದೆ. ಇವತ್ತು ಬರ್ತಾರ, ನಾಳಿ ಬರ್ತಾರ ಅಂತ. ಈಗ ತಂದೀರಿ. ಆವಾಗಿನ ಬಾಯಿ ಎಲ್ಲಿಂದ ತರ್ಲಿ, ಯವ್ವಾ?"

ಹೊನ್ನವ್ವ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಸಿದ್ದವ್ವ ಚೊಂಗೆ ಮುರಿದು ಮಗನಿಗೆ ಅರ್ಧ ಕೊಟ್ಟಳು, ಉಳಿದರ್ಧ ತಾನು ತಿಂದಳು. "ರುಚಿ ಅದೇ ಐತಿ" ಅಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಂಗಳದಲ್ಲಿ ಬುಟ್ಟಿ ಹೊತ್ತು ನಿಂತಿದ್ದ ಬಸಲಿಂಗನಿಗೆ ಎಲ್ಲವೂ ಕೇಳಿಸಿತು. ಬುಟ್ಟಿ ಇಳಿಸುವುದೂ ಅವನಿಗೆ ತೋಚಲಿಲ್ಲ.

ಇಷ್ಟೇ ಕಥೆ. ನೀತಿಯೂ ಇಷ್ಟೇ. ಅವರು ನಿನ್ನ ಬಗ್ಗೆ ಹೀಗಂದರು ಅಂತ ಯಾರಾದರೂ ಬಂದು ಹೇಳಿದರೆ, ನೀವೇ ಎದ್ದು ಅವರ ಬಾಗಿಲಿಗೆ ಹೋಗಿ ಕೇಳಿ. ಅವತ್ತೇ ಹೋಗಿ. ಬೇಲಿ ಬಿದ್ದ ನೆಲ ತಿರುಗಿ ಸಿಗುತ್ತದೆ, ಕೇಳದೆ ಕಳೆದ ದಿನ ಸಿಗುವುದಿಲ್ಲ.