ಮುದ್ದಯ್ಯ ಕೊಲೆಯಾದದ್ದು

ಕರಡಿದುರ್ಗದ ಆಸ್ಥಾನದಲ್ಲಿ ಮುದ್ದಯ್ಯನಷ್ಟು ಜಾಣ ಇನ್ನೊಬ್ಬನಿಲ್ಲ ಅನ್ನುವುದು ಮುದ್ದಯ್ಯನ ಅಭಿಪ್ರಾಯ. ಹೆಂಡತಿ ಹೊನ್ನವ್ವನ ಅಭಿಪ್ರಾಯ ಬೇರೆ. ಅದನ್ನವಳು ಊಟ ಬಡಿಸುವಾಗ ಹೇಳುತ್ತಿದ್ದಳು. ಊಟ ಚೆನ್ನಾಗಿರುತ್ತಿದ್ದುದರಿಂದ ಮುದ್ದಯ್ಯ ಎದುರಾಡುತ್ತಿರಲಿಲ್ಲ.

ಆ ವರ್ಷ ದೊರೆ ಗಿರಿಯಪ್ಪ ನಾಯಕ ರಾಜ್ಯದ ಕೊಲೆಗಳ ಲೆಕ್ಕ ಓದಿಸಿದ. ಪಡುವಣ ಸೀಮೆಯಲ್ಲಿ ಒಂದೂ ಇಲ್ಲ. ಮೂಡಣ ಸೀಮೆಯಲ್ಲಿ ಹನ್ನೊಂದು.

ಪ್ರಧಾನಿಯ ಹುಟ್ಟೂರು ಪಡುವಣದ ಅತ್ತಿಕಟ್ಟೆ. ಅವನು ಮೀಸೆ ತೀಡಿಕೊಂಡು, ನಮ್ಮ ಕಡೆಯವರು ಇರುವೆಯನ್ನೂ ದಾಟಿಕೊಂಡು ಹೋಗುವ ಜನ, ಇದೆಲ್ಲ ಹೊಳೆಯಾಚೆಯಿಂದ ಮೂಡಣಕ್ಕೆ ವಲಸೆ ಬಂದವರ ಕೆಲಸ, ಅವರನ್ನು ಬಂದ ದಾರಿಯಲ್ಲೇ ಅಟ್ಟಬೇಕು ಅಂದ. ದಳವಾಯಿ ಒಪ್ಪಲಿಲ್ಲ. ತಪ್ಪು ಜನರದ್ದಲ್ಲ, ಕಾಡುಹಂದಿ ಓಡಿಸಲೆಂದು ಅವರು ಮನೆಮನೆಯಲ್ಲಿ ಇಟ್ಟುಕೊಂಡಿರುವ ಕೋವಿಯದ್ದು, ಅದನ್ನು ಕಿತ್ತುಕೊಂಡರೆ ಸಾಕು ಅಂದ. ಜನ, ಕೋವಿ, ಜನ, ಕೋವಿ ಅಂತ ಇಬ್ಬರೂ ದಿನಗಟ್ಟಲೆ ಕಿತ್ತಾಡಿದರು. ಮುದ್ದಯ್ಯ ಪ್ರಧಾನಿ ಮಾತಾಡಿದಾಗ ಅತ್ತ, ದಳವಾಯಿ ಮಾತಾಡಿದಾಗ ಇತ್ತ ತಿರುಗಿ ತಲೆಯಾಡಿಸಿ ಕತ್ತು ಉಳುಕಿಸಿಕೊಂಡ.

ದೊರೆಗೆ ಸಾಕಾಗಿಹೋಯಿತು. ಬರುವ ಸಂತೆಯೊಳಗೆ ಎರಡೂ ಆಗಲಿ, ಕೋವಿಯನ್ನೂ ಕಿತ್ತುಕೊಳ್ಳಿ, ಜನರನ್ನೂ ಅಟ್ಟಿ ಅಂದುಬಿಟ್ಟ.

ಹೊನ್ನವ್ವನ ತವರು ಮೂಡಣದಲ್ಲಿತ್ತು. ಅವಳ ಅಪ್ಪನೂ ಹೊಳೆ ದಾಟಿ ಬಂದವನೇ. ಆ ದಿನ ಅವಳು ಗಂಡನನ್ನು ಬಯ್ಯಲಿಲ್ಲ. ಸುಮ್ಮನೆ ಸೀರೆ ಮಡಿಸಿ ಗಂಟು ಕಟ್ಟುತ್ತಿದ್ದಳು.

"ನಮ್ಮವರು ಹೋದರೆ ನಾನೂ ಹೋಗುತ್ತೇನೆ. ನೀವು ತಲೆಯಾಡಿಸಿಕೊಂಡು ಇಲ್ಲೇ ಇರಿ," ಅಂದಳು.

ಮುದ್ದಯ್ಯನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಅವಳಿಲ್ಲದ ಮನೆ ನೆನೆದರೆ ಸಂಕಟ, ಅವಳಿಲ್ಲದ ಅಡುಗೆಮನೆ ನೆನೆದರೆ ಇನ್ನೂ ಸಂಕಟ. ಆ ಗಾಬರಿಯಲ್ಲೇ ಮರುದಿನ ಆಸ್ಥಾನದಲ್ಲಿ ಎದ್ದು ನಿಂತು, ಈ ಕೊಲೆಗಳ ಗುಟ್ಟನ್ನು ಸಂತೆಗೆ ಮೊದಲೇ ತಂದು ಮುಂದಿಡುತ್ತೇನೆ, ಇಲ್ಲವಾದರೆ ನನ್ನನ್ನೇ ಮೊದಲು ಅಟ್ಟಿ ಅಂತ ಜಂಭ ಕೊಚ್ಚಿದ. ಹೇಗೆ ತರುವುದೆಂದು ಅವನಿಗೇ ಗೊತ್ತಿರಲಿಲ್ಲ.

ಮನೆಯಲ್ಲಿ ಉಣ್ಣುತ್ತಿದ್ದಾಗ ಹೊನ್ನವ್ವ ಗೊಣಗಿದಳು. ತವರಿನವರ ಬಾಳೆಲ್ಲ ತಳವಾರರಿಗೆ ಬೇಯಿಸಿ ಹಾಕುವುದರಲ್ಲೇ ಕಳೆಯಿತಂತೆ. ಕರಡಿದುರ್ಗದ ಕಟ್ಟಳೆಯೇ ಹಾಗೆ. ಯಾವ ಊರ ಗಡಿಯೊಳಗೆ ಹೆಣ ಸಿಕ್ಕಿತೋ, ವಿಚಾರಣೆ ಮುಗಿಯುವ ತನಕ ತಳವಾರರಿಗೆ ಆ ಊರವರದೇ ಊಟ. ತಳವಾರರೋ, ವಿಚಾರಣೆಯನ್ನು ನಿಧಾನವಾಗಿಯೂ ಊಟವನ್ನು ಚುರುಕಾಗಿಯೂ ಮಾಡುವವರು. ಮುದ್ದಯ್ಯ ಎತ್ತಿದ ತುತ್ತನ್ನು ಬಾಯಿಗಿಡದೆ ಹಾಗೇ ಕೂತ. ಅಂಥದ್ದು ಅವನ ಬಾಳಿನಲ್ಲಿ ಹಿಂದೆಂದೂ ನಡೆದಿರಲಿಲ್ಲ.

ಮರುದಿನ ಮಧ್ಯಾಹ್ನ ಅತ್ತಿಕಟ್ಟೆಗೆ ಹೋಗಿ, ಬಾಯಿತುಂಬ ಎಲೆಯಡಿಕೆ ಜಗಿದು, ಕೆಂಪು ರಸವನ್ನು ಅಂಗಿಯ ಎದೆಗೆ ಉಗುಳಿಕೊಂಡು, ಹುಣಿಸೆಮರದ ಕೆಳಗೆ ಅಂಗಾತ ಬಿದ್ದುಕೊಂಡ.

ಊರ ಗೌಡ ಬಂದ, ಆಳುಗಳು ಬಂದರು. ಯಾರೂ ಬಗ್ಗಿ ನೋಡಲಿಲ್ಲ. ಇವನು ಆಸ್ಥಾನದ ವಟವಟ ಮುದ್ದಯ್ಯನಲ್ಲವೇ ಅಂದನೊಬ್ಬ. ಹಾಗಾದರೆ ಯಾರೂ ಹುಡುಕಿಕೊಂಡು ಬರುವುದಿಲ್ಲ ಬಿಡು ಅಂದ ಗೌಡ, ನೆಮ್ಮದಿಯಿಂದ. ಮುದ್ದಯ್ಯನಿಗೆ ಎದ್ದು ಜಗಳವಾಡುವಷ್ಟು ಸಿಟ್ಟು ಬಂತು. ಕೆಲಸ ನೆನಪಾಗಿ ಸತ್ತೇ ಇದ್ದ. ಎತ್ತಲು ನಾಲ್ವರು ಸಾಲದೆ ಇನ್ನಿಬ್ಬರನ್ನು ಕರೆಸಿದಾಗ ಮಾತ್ರ ಅವನಿಗೆ ನಾಚಿಕೆಯಾಯಿತು.

ಗಾಡಿಗೆ ಹಾಕಿ, ಮೇಲೆ ಹುಲ್ಲು ಹೊದಿಸಿ, ಮೂಡಣದ ಕಡೆ ಹೊರಟರು. ದಾರಿಯಲ್ಲಿ ಹುಲ್ಲಿನ ಧೂಳು ಮೂಗಿಗೇರಿ ಭಾರೀ ಸೀನು ಬಂತು.

"ಗೌಡರೇ, ಹೆಣ ಸೀನಿತು."

"ಗಡಿಕಲ್ಲು ದಾಟಿದ ಮೇಲೆ ಎಷ್ಟು ಬೇಕಾದರೂ ಸೀನಲಿ. ನೀನು ಎತ್ತು ಹೊಡಿ."

ಮೂಡಣದ ಒಂದು ಹೊಲದಲ್ಲಿ ಅವನನ್ನು ಉರುಳಿಸಿ, ಅಲ್ಲಿ ಆಸ್ಥಾನದ ಮುದ್ದಯ್ಯನ ಹೆಣ ಬಿದ್ದಿದೆಯಂತೆ, ಎದೆಯೆಲ್ಲ ಕೆಂಪಂತೆ ಎಂದು ತಳವಾರನಿಗೆ ಸುದ್ದಿ ಮುಟ್ಟಿಸಿ ಹೋದರು. ತಳವಾರ ನೋಡಲು ಬರಲಿಲ್ಲ, ನೆಟ್ಟಗೆ ಕೋಟೆಗೆ ಓಡಿದ.

ಇತ್ತ ಹೊಲದ ಒಡೆಯ, ಹೊಳೆಯಾಚೆಯಿಂದ ಬಂದವನೊಬ್ಬ, ಕೋವಿ ಹೊತ್ತು ಬಂದ. ಕೋವಿ ಕಂಡದ್ದೇ ಮುದ್ದಯ್ಯನ ಜೀವ ನಿಜವಾಗಿ ಅರ್ಧ ಹೋಯಿತು. ಆ ಮನುಷ್ಯ ಕೋವಿ ಕೆಳಗಿಟ್ಟ, ಬಗ್ಗಿ ಮೂಗಿಗೆ ಬೆರಳಿಟ್ಟ. ಉಸಿರಿದೆ ಅಂದವನೇ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಬಲಿ ಕುಡಿಸಿದ. ಇವನು ಯಾರು, ಎಲ್ಲಿಯವನು ಅಂತ ಕೇಳಿದ್ದು ಅಂಬಲಿ ಮುಗಿದ ಮೇಲೆಯೇ.

ಮರುದಿನ ಆಸ್ಥಾನದಲ್ಲಿ ಪ್ರಧಾನಿ ಕಣ್ಣೊರೆಸಿಕೊಂಡು, ನಮ್ಮ ಮುದ್ದಯ್ಯನನ್ನು ಮೂಡಣದ ವಲಸೆಗಾರರು ಕೊಂದರು, ಇದು ಹನ್ನೆರಡನೆಯದು ಅಂದ. ಕೋವಿಯಿಂದ, ಎದೆಗೇ ಗುಂಡು ಅಂದ ದಳವಾಯಿ. ಇಬ್ಬರೂ ಮೊದಲ ಸಲ ಒಂದಾಗಿದ್ದರು. ಮುದ್ದಯ್ಯ ಕಂಬದ ಮರೆಯಲ್ಲಿ ನಿಂತು, ಯಾರಾದರೂ ತನ್ನನ್ನು ಹೊಗಳುತ್ತಾರೇನೋ ಎಂದು ಸ್ವಲ್ಪ ಹೊತ್ತು ಕಾದ. ಯಾರೂ ಹೊಗಳಲಿಲ್ಲ. ಬೇರೆ ದಾರಿಯಿಲ್ಲದೆ ಹೊರಗೆ ಬಂದ.

"ಮಹಾಸ್ವಾಮಿ, ನಾನು ಸತ್ತದ್ದು ಪ್ರಧಾನಿಗಳ ಅತ್ತಿಕಟ್ಟೆಯಲ್ಲಿ. ಗುಂಡು ಹಾರಿದ್ದು ನನ್ನ ಬಾಯಿಂದಲೇ," ಅಂದು ಎಲೆಯಡಿಕೆ ಕಲೆಯ ಅಂಗಿ ಮುಂದಿಟ್ಟ. ತಳವಾರರ ಊಟದ ಭಯ, ಹುಲ್ಲಿನ ಗಾಡಿ, ಸೀನು, ಗಡಿಕಲ್ಲು ಎಲ್ಲವನ್ನೂ ಹೇಳಿದ. ಪ್ರಧಾನಿ ಛಾವಣಿಯ ತೊಲೆ ನೋಡುತ್ತ ಕೂತ.

ದೊರೆ ಅಂಗಿಯ ಕಲೆಯನ್ನು ಮೂಸಿ ನೋಡಿದ. ಆಮೇಲೆ ಕೇಳಿದ, "ಹಾಗಾದರೆ ಕೊಲ್ಲುವವರು ಯಾರಯ್ಯಾ?"

"ನನಗೆ ಗೊತ್ತಿಲ್ಲ, ಮಹಾಸ್ವಾಮಿ. ಹೆಣ ಎಲ್ಲಿ ಬಿತ್ತೆಂದೇ ತಿಳಿಯದೆ ಕೊಂದವನನ್ನು ಹುಡುಕುವುದು ಹೇಗೆ? ನನಗೆ ಗೊತ್ತಿರುವುದು ಇಷ್ಟೇ. ನಮ್ಮವರು ಆರು ಜನ ನನ್ನನ್ನು ಹೊತ್ತರು, ಸೀನಿದರೂ ಇಳಿಸಲಿಲ್ಲ. ಬದುಕಿದ್ದಾನೆಯೇ ಎಂದು ಮೂಗಿಗೆ ಬೆರಳಿಟ್ಟು ನೋಡಿದವನು ಆ ಹೊರಗಿನವನೊಬ್ಬನೇ. ಅದೂ ಕೋವಿ ಕೆಳಗಿಟ್ಟು."

ದೊರೆ ಅಟ್ಟುವ ಅಪ್ಪಣೆಯನ್ನು ಅಲ್ಲೇ ರದ್ದು ಮಾಡಿದ. ಇನ್ನು ಮೇಲೆ ಹೆಣ ಎಲ್ಲೇ ಸಿಗಲಿ, ತಳವಾರರ ಊಟ ಅರಮನೆಯದು ಅಂದ. ಕೋವಿಯ ಮಾತು ಲೆಕ್ಕ ಸರಿಯಾದ ಮೇಲೆ ಆಡೋಣ ಅಂದ. ಆಮೇಲೆ ಹೆಣದ ಸೀನು ನೆನಪಾಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ಏನು ಬೇಕಾದರೂ ಕೇಳು ಅಂದ.

"ಕೊಲೆಯಾದವರ ಲೆಕ್ಕದಿಂದ ಮೊದಲು ನನ್ನ ಹೆಸರು ತೆಗೆಸಿ, ಮಹಾಸ್ವಾಮಿ," ಅಂದ ಮುದ್ದಯ್ಯ. "ಊಟದ ಹೊತ್ತಾಯಿತು. ಸತ್ತವನಿಗೆ ಹೊನ್ನವ್ವ ಬಡಿಸುವುದಿಲ್ಲ."