ಹಳೇ ಗರಿಮೀನು

ಬೆಟ್ಟದ ತಣ್ಣನೆಯ ಹೊಳೆಯ ದಡದಲ್ಲಿ ಬೋರಯ್ಯ ಎಂಬ ಗುರುಗಳಿದ್ದರು. ಕೊಕ್ಕೆಗೆ ಗರಿ, ಕೂದಲು, ಜರಿಯೆಳೆ ಸುತ್ತಿ ಮರಿಮೀನಿನ ಹಾಗೆ ಕಾಣುವಂತೆ ಕಟ್ಟುವುದು ಅವರ ವಿದ್ಯೆ. ಆ ಗರಿಮೀನನ್ನು ನೀರಲ್ಲಿ ಎಳೆದರೆ ದೊಡ್ಡ ಟ್ರೌಟ್ ಮೀನು ಬೆನ್ನಟ್ಟಿ ಬಂದು ಕಚ್ಚುತ್ತಿತ್ತು.

ಅವರ ಶಿಷ್ಯ ಮಾಲಿಂಗ. ಕಟ್ಟುವುದರಲ್ಲಿ ಅವನ ಕೈ ಬಲು ಚುರುಕು. ಒಂದಕ್ಕೆ ಹುಂಜದ ಕತ್ತಿನ ಗರಿ, ಇನ್ನೊಂದಕ್ಕೆ ಅಳಿಲ ಬಾಲದ ಕೂದಲು, ಮತ್ತೊಂದಕ್ಕೆ ಕೆಂಪು ಗಂಟಲು, ಮಣಿಯ ಕಣ್ಣು. ಒಮ್ಮೆ ಕಟ್ಟಿದ ಬಗೆಯನ್ನು ಮತ್ತೊಮ್ಮೆ ಕಟ್ಟುತ್ತಿರಲಿಲ್ಲ.

"ಗುರುಗಳೇ, ಇದು ಹೆಂಗೈತೆ?"

"ಚೆನ್ನಾಗೈತೆ. ನೀರಿಗೆ ಬಿಡು."

ಮಾಲಿಂಗ ನೀರಿಗೆ ಬಿಡುತ್ತಿರಲಿಲ್ಲ. ಅಷ್ಟು ಚೆಂದದ್ದನ್ನು ಮೀನಿನ ಬಾಯಿಗೆ ಕೊಡಲು ಯಾರಿಗೆ ತಾನೆ ಮನಸ್ಸು ಬರುತ್ತದೆ? ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಿದ್ದ. ಹೊಳೆಗೆ ಇಳಿಯಬೇಕಾದರೆ ಎರೆಹುಳವೇ ಸಾಕು ಎನ್ನುತ್ತಿದ್ದ.

ಅವನಿಗಿದ್ದ ಆಸೆ ಒಂದೇ. ನಿನ್ನ ಕೈ ಕುದುರಿತು, ಇನ್ನು ನೀನೂ ಕಲಿಸಬಹುದು ಎಂಬ ಮಾತನ್ನು ಗುರುಗಳ ಬಾಯಿಂದ ಕೇಳಬೇಕು. ಕೇಳದೆ ಆ ದಡ ಬಿಡುವುದಿಲ್ಲ ಎಂದು ಹಟ ಹಿಡಿದು ಕೂತಿದ್ದ. ಗುರುಗಳೋ, ಆ ಮಾತೊಂದು ಬಿಟ್ಟು ಉಳಿದೆಲ್ಲ ಮಾತೂ ಆಡುತ್ತಿದ್ದರು.

ಗುರುಗಳ ಹತ್ತಿರ ಒಂದು ಹಳೇ ಗರಿಮೀನಿತ್ತು. ಅದನ್ನು ನೋಡಿದರೆ ಮಾಲಿಂಗನಿಗೆ ನಾಚಿಕೆ. ಗರಿ ಉದುರಿ, ಜರಿ ಕಪ್ಪಾಗಿ, ಬೆಕ್ಕು ಕಚ್ಚಿ ಬಿಸಾಡಿದ ಹಾಗಿತ್ತು. ಆದರೂ ಗುರುಗಳು ಹೊಳೆಗೆ ಒಯ್ಯುತ್ತಿದ್ದುದು ಅದನ್ನೇ. ಅವರು ಬರಿಗೈಲಿ ಬಂದದ್ದನ್ನು ಅವನು ಕಂಡಿರಲಿಲ್ಲ. ಮೀನುಗಳ ಗ್ರಹಚಾರ ಎಂದುಕೊಂಡು ಸುಮ್ಮನಿದ್ದ.

ಒಮ್ಮೆ ಗುರುಗಳು ಜ್ವರ ಬಂದು ಮಲಗಿದರು. ಎದ್ದಾಗ ಅವರಿಗೆ ಸಂತೋಷವಾಗಲಿ ಎಂದು ಮಾಲಿಂಗ ಆ ಹಳೆಯದನ್ನು ಬಿಚ್ಚಿದ. ಉಳಿದ ಗರಿ ಕಿತ್ತು ಹೊಸ ಗರಿ ತುಂಬಿದ. ಹೊಸ ಜರಿ ಸುತ್ತಿದ. ಇದನ್ನು ಕಂಡರೆ ಗುರುಗಳು ಆ ಮಾತು ಆಡಿಯೇ ಆಡುತ್ತಾರೆ ಎಂದು ಹಿಗ್ಗಿದ.

ಜ್ವರ ಬಿಟ್ಟ ಮೇಲೆ ಗುರುಗಳು ಅದನ್ನು ತಿರುಗಿಸಿ ನೋಡಿದರು. ದಾರಕ್ಕೆ ಕಟ್ಟಿ ಮಡುವಿಗೆ ಎಸೆದರು.

ಟ್ರೌಟೊಂದು ಹಿಂದೆಯೇ ಬಂತು, ಹತ್ತಿರದಿಂದ ನೋಡಿತು, ತಿರುಗಿ ಹೋಯಿತು. ಇನ್ನೊಂದು ಬಂತು. ಅದೂ ಹೋಯಿತು. ಬಿಸಿಲೇರುವ ತನಕ ಇದೇ ಕತೆ.

ಗುರುಗಳು ದಾರ ಸುತ್ತಿಕೊಂಡು ಕಲ್ಲಿನ ಮೇಲೆ ಕೂತರು.

"ಇದನ್ನ ಯಾಕ್ಲಾ ಬಿಚ್ಚಿದೆ?"

"ನೀವು ಕಟ್ಟಿದ್ದು ಹಂಗೆ ಹರಕಲಾಗಿರೋದು ನೋಡಕ್ಕಾಗ್ಲಿಲ್ಲ ಗುರುಗಳೇ."

"ನಾನು ಕಟ್ದಾಗ ಇದೂ ಹಿಂಗೇ, ಮದ್ವೆ ಗಂಡಿನಂಗೆ ಇತ್ತು. ಒಂದು ಮೀನೂ ಹತ್ರ ಬರ್ಲಿಲ್ಲ."

"ಆಮೇಲೆ ನೀವು ತಿದ್ದಿದ್ರಾ?"

"ನಂಗೆಲ್ಲಿ ಗೊತ್ತಿತ್ತು ತಿದ್ದಾಕೆ? ಯಾವ್ದೋ ಪೆದ್ದು ಮೀನು ಬಂದು ಕಚ್ತು, ಎರಡು ಗರಿ ಹೋಯ್ತು. ಇನ್ನೊಂದು ಕಚ್ತು, ಜರಿ ಹೋಯ್ತು. ಬ್ಯಾಡದ್ದನ್ನೆಲ್ಲ ಅವೇ ಕಿತ್ತಾಕಿದ್ವು."

ಮಾಲಿಂಗನಿಗೆ ಈಗ ಅರ್ಥವಾಯಿತು. ವರ್ಷಗಟ್ಟಲೆ ಆದ ಕೆಲಸವನ್ನು ತಾನು ಒಂದು ಮಧ್ಯಾಹ್ನದಲ್ಲಿ ಹಾಳು ಮಾಡಿದ್ದ. ಕಣ್ಣಲ್ಲಿ ನೀರು ಬಂತು. ಇನ್ನು ಗುರುಗಳು ತನ್ನನ್ನು ಇಟ್ಟುಕೊಳ್ಳುವುದೇ ಅನುಮಾನ ಎನ್ನಿಸಿತು. ಓಡಿಹೋಗಿ ತನ್ನ ಪೆಟ್ಟಿಗೆ ತಂದು ಅವರ ಕಾಲ ಬಳಿ ಇಟ್ಟ.

"ತಪ್ಪಾಯ್ತು ಗುರುಗಳೇ. ಇದ್ರಲ್ಲಿ ಯಾವ್ದು ಬೇಕೋ ತಗೊಳ್ಳಿ. ಎಲ್ಲಾನೂ ತಗೊಳ್ಳಿ."

ಗುರುಗಳು ಪೆಟ್ಟಿಗೆ ತೆರೆದರು. ಒಳಗಿದ್ದವೆಲ್ಲ ನಿನ್ನೆ ಕಟ್ಟಿದ ಹಾಗೆ ಹೊಳೆಯುತ್ತಿದ್ದವು.

"ಇವನ್ನ ಯಾವ್ದಾದ್ರೂ ಮೀನು ಕಂಡೈತಾ?"

"ಇಲ್ಲ. ಹಾಳಾಯ್ತವೆ ಅಂತ..."

ಗುರುಗಳು ನಕ್ಕರು. ಪೆಟ್ಟಿಗೆ ಮುಚ್ಚಿ ತಮ್ಮ ಪಕ್ಕಕ್ಕೆ ಎಳೆದುಕೊಂಡರು. ಮಾಲಿಂಗನ ಗಾಳದ ಕೋಲಿನ ದಾರದಿಂದ ಎರೆಹುಳದ ಕೊಕ್ಕೆ ಕತ್ತರಿಸಿ, ಅವನು ಹೊಸತು ಮಾಡಿದ್ದ ಆ ಹಳೇ ಗರಿಮೀನನ್ನು ಅದಕ್ಕೆ ಕಟ್ಟಿದರು. ಕೋಲನ್ನು ಅವನ ಕೈಗೆ ಕೊಟ್ಟರು.

"ಇದು ಮತ್ತೆ ಮೊದಲಿನಂಗೆ ಆಯ್ತದಾ ಗುರುಗಳೇ?"

"ನನ್ನ ಯಾಕ್ಲಾ ಕೇಳ್ತೀಯ? ಹೋಗು, ಕಚ್ಚಿಸ್ಕೊಂಡು ಬಾ."