ಬಲತೋಳಿನ ಅರವತ್ತು ಸಾಲು

ಶಿಷ್ಯ ಕೇಳಿದ: "ಗುರುಗಳೇ, ನಾನು ಇಲ್ಲಿಗೆ ಬಂದು ಆರು ವರ್ಷವಾಯಿತು. ಬಂದು ನಾಲ್ಕು ಮಾತು ಹೇಳಿ ಹೋಗು ಎಂದು ಊರಿನವರು ವರ್ಷವೂ ಕರೆಯುತ್ತಾರೆ. ಇನ್ನೂ ಸ್ವಲ್ಪ ಕಲಿತು ಬರುತ್ತೇನೆ ಎಂದು ನಾನೂ ವರ್ಷವೂ ಹೇಳಿ ಕಳಿಸುತ್ತೇನೆ. ಇನ್ನೆಷ್ಟು ಕಲಿತರೆ ಹೋಗಬಹುದು?"

ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದರು. ಗುರು ಕೈ ನಿಲ್ಲಿಸದೆ ಹೇಳಿದರು: "ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನ ಕತೆ ಕೇಳು."

ಅದು ಚಳಿಯ ಊರು. ಗಡಿಯಾರದವನು ಮದುವೆಯಾಗಿರಲಿಲ್ಲ. ಅವನ ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅವನ ಮನೆಗೆ ಬಂದವಳು. ಮನೆಯ ಮುಂಗೋಣೆಯೇ ಅಂಗಡಿ. ಮೇಜಿನ ಈಚೆ ಅವನು ಗಡಿಯಾರ ಬಿಚ್ಚುತ್ತಿದ್ದ. ಮೇಜಿನ ಆಚೆ ಅವಳು ಉಣ್ಣೆ ಹೆಣೆಯುತ್ತಿದ್ದಳು. ಇಪ್ಪತ್ತೆರಡು ವರ್ಷ ಹೀಗೆ ಎದುರುಬದುರು ಕೂತಿದ್ದರು.

ಅವನು ಬಹಳ ಕರಾರುವಾಕ್ಕಾದ ಮನುಷ್ಯ. ಸ್ನಾನಕ್ಕೆ ಎಷ್ಟು ಚೊಂಬು ನೀರು ಎಂಬುದನ್ನೂ ಎಣಿಸುತ್ತಿದ್ದ. ಅವನ ಅಂಗಡಿಯ ಹೆಮ್ಮೆ ಒಂದೇ ಒಂದು: ರಿಪೇರಿ ಆದ ಜಾಗ ಯಾರ ಕಣ್ಣಿಗೂ ಬೀಳಬಾರದು.

ಒಂದು ಮಂಗಳವಾರ. ಎಂದಿನಂಥದೇ ಮಂಗಳವಾರ. ಅಕ್ಕ ಅವನಿಗಾಗಿ ಬೂದುಬಣ್ಣದ ಸ್ವೆಟರ್ ಹೆಣೆಯುತ್ತಿದ್ದಳು. ಮುಂಭಾಗ, ಹಿಂಭಾಗ, ಎಡತೋಳು ಮುಗಿದಿದ್ದವು. ಬಲತೋಳು ಮೊಣಕೈ ದಾಟಿತ್ತು.

"ಕೈ ಚಾಚೋ," ಎಂದಳು. ಚಾಚಿದ. ಅಳೆದಳು.

"ಇನ್ನು ಅರವತ್ತು ಸಾಲು. ಶನಿವಾರ ತೊಡು," ಎಂದು ಹೇಳಿ, ಸ್ವೆಟರನ್ನು ಕಡ್ಡಿಯ ಸಮೇತ ಕುರ್ಚಿಯ ಮೇಲಿಟ್ಟು, ಹಾಲು ಕಾಯಿಸಲು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಹಾಲು ಸೀದ ವಾಸನೆ ಬಂತು. ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯಲ್ಲಿ ಹಾಲು ಉಕ್ಕಿರಲಿಲ್ಲ. ಅವನು ಎದ್ದು ಒಳಗೆ ಹೋದ.

ಅಕ್ಕನ ಹದಿಮೂರು ದಿನ ಕಳೆದ ಮೇಲೆ ಅಂಗಡಿ ತೆರೆದ. ಎದುರಿನ ಕುರ್ಚಿಯ ಮೇಲೆ ಸ್ವೆಟರ್ ಹಾಗೆಯೇ ಇತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಲು ಎಣಿಸಿದ. ಎಡತೋಳಿನಲ್ಲಿ ನೂರ ನಲವತ್ತೆಂಟು. ಬಲತೋಳಿನಲ್ಲಿ ಎಂಬತ್ತೆಂಟು. ಅಕ್ಕನ ಮಾತು ಸರಿಯಾಗಿತ್ತು.

ಗಿರಾಕಿಗಳು ಹೇಳಿದರು, ಯಾರಿಗಾದರೂ ಕೊಡಿ, ಎರಡು ದಿನದ ಕೆಲಸ, ಮುಗಿಸಿಕೊಡುತ್ತಾರೆ ಎಂದು. ಅವನು ಒಪ್ಪಲಿಲ್ಲ. ತಾನೇ ಮುಗಿಸಬೇಕು, ಅಕ್ಕನ ಹೆಣಿಗೆ ಎಲ್ಲಿ ನಿಂತಿತು, ತನ್ನದು ಎಲ್ಲಿ ಶುರುವಾಯಿತು ಎಂಬುದು ಯಾರಿಗೂ ಗೊತ್ತಾಗಬಾರದು. ಅಷ್ಟೇ ಅವನ ಆಸೆ. ಆದರೆ ಅಕ್ಕನ ಹೆಣಿಗೆಯ ಮೇಲೆ ಕೈ ಪಳಗಿಸಲು ಅವನಿಗೆ ಧೈರ್ಯವಿರಲಿಲ್ಲ. ಬೇರೆ ಉಣ್ಣೆ ತಂದ. ಉಣ್ಣೆಯ ಅಂಗಡಿಯಲ್ಲಿ ಅಗ್ಗದ್ದು ಯಾವುದು ಎಂದರೆ ಗಿಳಿಹಸಿರಿನದನ್ನು ಕೊಟ್ಟರು.

ಮೊದಲು ಒಂದು ಮಫ್ಲರ್ ಎಂದುಕೊಂಡು ತನ್ನ ಜಾಗದಲ್ಲಿ ಕೂತ. ಯಾರನ್ನೂ ಕೇಳಲಿಲ್ಲ. ಎದುರಿನ ಕುರ್ಚಿ ನೋಡುತ್ತ ಕೂತ. ಕೈ ಹೇಗೋ ಓಡಿತು. ಹೆಣೆಯುವುದು ಬಂತು. ನಿಲ್ಲಿಸುವುದು ಮಾತ್ರ ಹೇಗೆಂದು ಗೊತ್ತಾಗಲಿಲ್ಲ. ಆದ್ದರಿಂದ ಉಣ್ಣೆ ಮುಗಿಯುವವರೆಗೆ ಹೆಣೆದ. ಒಂಬತ್ತು ಮೊಳವಾಯಿತು. ಸಾಲಿಗೆ ಮೂವತ್ತು ಕುಣಿಕೆಗಳಿಂದ ಶುರುಮಾಡಿದ್ದು ಕೊನೆಗೆ ಎಪ್ಪತ್ತೊಂದು ಆಗಿತ್ತು. ಆ ನಲವತ್ತೊಂದು ಎಲ್ಲಿಂದ ಬಂದು ಸೇರಿಕೊಂಡವು ಎಂದು ಅವನು ಎರಡು ದಿನ ಹುಡುಕಿದ.

ಬೆಳಿಗ್ಗೆ ಹಾಲಿನವಳು ಬಂದು ನೋಡಿದಳು.

"ಗಡಿಯಾರದಣ್ಣ, ಇದೇನು, ಮೀನಿನ ಬಲೆಯಾ?"

"ಮಫ್ಲರ್."

"ಒಬ್ಬರಿಗೋ, ಊರಿಗೋ?"

ಅವಳ ಹಸು ಆಗ ತಾನೇ ಕರು ಹಾಕಿತ್ತು. ಚಳಿಗೆ ಕರುವಿಗೆ ಸುತ್ತುತ್ತೇನೆ ಎಂದು ಕೇಳಿ ತೆಗೆದುಕೊಂಡು ಹೋದಳು. ಕರುವಿಗೆ ನಾಲ್ಕು ಸುತ್ತು ಬಂದು ಇನ್ನೂ ಒಂದು ಮೊಳ ಉಳಿಯಿತಂತೆ.

ಹೀಗೆ ಆಗುವುದಿಲ್ಲ, ಸರಿಯಾಗಿ ಕಲಿಯಬೇಕು ಎಂದು ಅವನು ತೀರ್ಮಾನಿಸಿದ. ಆ ಊರಿನಲ್ಲಿ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ಒಬ್ಬ ನರ್ಸಮ್ಮ ಶನಿವಾರ ಮಧ್ಯಾಹ್ನ ಹೆಣಿಗೆ ಹೇಳಿಕೊಡುತ್ತಿದ್ದಳು. ಹನ್ನೊಂದು ಹೆಂಗಸರ ನಡುವೆ ಹೋಗಿ ಕೂತ. ಅವನು ಹೆಣೆದ ನಾಲ್ಕು ಬೆರಳಿನ ತುಂಡನ್ನು ನರ್ಸಮ್ಮ ಬೆಳಕಿಗೆ ಹಿಡಿದಳು.

"ಇದೇನು ಗಡಿಯಾರದವರೇ, ಒಂದೊಂದು ಕುಣಿಕೆಯೂ ಕತ್ತು ತಿರುಚಿಕೊಂಡು ಕೂತಿದೆ?"

"ತಪ್ಪೇ?"

"ತಪ್ಪೇ. ದಾರವನ್ನು ಕಡ್ಡಿಗೆ ಗಡಿಯಾರದ ಮುಳ್ಳು ಹೋದ ಹಾಗೆ ಸುತ್ತಿದ್ದೀರಿ. ಇಲ್ಲಿ ಅದಕ್ಕೆ ವಿರುದ್ಧವಾಗಿ ಸುತ್ತಬೇಕು. ಕಸುಬಿನ ಅಭ್ಯಾಸ ಕಲಿಕೆಗೂ ಬಂದುಬಿಟ್ಟಿದೆ ನೋಡಿ!"

ಹನ್ನೊಂದು ಹೆಂಗಸರೂ ನಕ್ಕರು. ಅವನಿಗೂ ಅದು ಸರಿಯಾದ ಕಾರಣ ಎನ್ನಿಸಿತು.

ಆ ಅಭ್ಯಾಸ ಬಿಡಿಸಲು ಮೂರು ತಿಂಗಳು ಹಿಡಿಯಿತು. ಕೈ ತಾನಾಗಿ ಮುಳ್ಳಿನ ದಿಕ್ಕಿಗೇ ಹೋಗುತ್ತಿತ್ತು. ಹೋದಾಗಲೆಲ್ಲ ನರ್ಸಮ್ಮ ಕಡ್ಡಿಯಿಂದ ಬೆರಳಿಗೆ ತಟ್ಟುತ್ತಿದ್ದಳು. ಕೊನೆಗೆ ಕೈ ದಾರಿಗೆ ಬಂತು. ಕುಣಿಕೆಗಳು ನೆಟ್ಟಗೆ ನಿಂತವು. ಒಂದು ಸಾಲು ಮುಗಿದಾಗಲೊಮ್ಮೆ ಸ್ಲೇಟಿನ ಮೇಲೆ ಒಂದು ಗೆರೆ ಎಳೆಯುವುದನ್ನು ಅವನೇ ರೂಢಿಸಿಕೊಂಡ. ಅಂದಿನಿಂದ ಅವನ ಹೆಣಿಗೆಯಲ್ಲಿ ಒಂದು ಸಾಲು ಹೆಚ್ಚು ಕಡಿಮೆ ಆದದ್ದಿಲ್ಲ.

"ಇನ್ನೇನು, ಸ್ವೆಟರ್ ಮುಗಿಸಬಹುದಲ್ಲ?" ಎಂದು ಹಾಲಿನವಳು ಕೇಳಿದಳು.

"ತೋಳು ದುಂಡಗಿರುತ್ತದೆ. ದುಂಡಗೆ ಹೆಣೆಯುವುದು ಬರಲಿ," ಎಂದ.

ಅಕ್ಕ ತೋಳನ್ನು ಚಪ್ಪಟೆಯಾಗಿ ಹೆಣೆದು ಆಮೇಲೆ ಅಂಚು ಸೇರಿಸುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು. ಆದರೂ ನಾಲ್ಕು ಕಡ್ಡಿ ಹಿಡಿದು ಕಾಲುಚೀಲ ಹೆಣೆಯಲು ಕೂತ. ನಾಲ್ಕು ಕಡ್ಡಿ ಒಟ್ಟಿಗೆ ಹಿಡಿದರೆ ಮುಳ್ಳುಹಂದಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ ಹಾಗೆ. ಮೊದಲನೆಯ ಚೀಲಕ್ಕೆ ಹಿಮ್ಮಡಿ ಬರಲಿಲ್ಲ. ಎರಡನೆಯದಕ್ಕೆ ಎರಡು ಹಿಮ್ಮಡಿ ಬಂದವು. ಮೂರನೆಯದು ಸರಿಯಾಯಿತು, ಅದಕ್ಕೆ ಜೋಡಿ ಹೆಣೆಯುವ ಹೊತ್ತಿಗೆ ಅವನ ಮನಸ್ಸು ಟೋಪಿಯ ಕಡೆ ಹೋಗಿತ್ತು.

ಟೋಪಿಗೆ ಅವನು ಪೋಸ್ಟ್‌ಮ್ಯಾನ್‌ನ ತಲೆಯನ್ನು ಗಡಿಯಾರದ ಚಕ್ರ ಅಳೆಯುವ ಸಾಧನದಿಂದ ಮೂರು ಕಡೆ ಅಳೆದ. ಟೋಪಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂತು. ಕೊಡುವ ಮುಂಚೆ ಶುಭ್ರವಾಗಿರಲಿ ಎಂದು ಬಿಸಿನೀರಿನಲ್ಲಿ ಅದ್ದಿ ತೆಗೆದ. ಆಮೇಲೆ ಅದು ಹಾಲಿನವಳ ಅರ್ಧ ಲೀಟರಿನ ಚೊಂಬಿಗೆ ಸರಿಹೊಂದಿತು.

"ಹಾಲಿನ ಬಿಸಿ ಆರುವುದಿಲ್ಲ ಅಣ್ಣ, ಬಹಳ ಚೆನ್ನಾಗಿದೆ," ಎಂದು ಅವಳು ಇನ್ನೊಂದು ಕೇಳಿದಳು. ಹೆಣೆದುಕೊಟ್ಟ.

ಕೈಗವಸು ಹೆಣೆದ, ಎರಡೂ ಎಡಗೈಯವಾದವು. ಎರಡನೆಯ ವರ್ಷ ಜಡೆ ಹೆಣಿಗೆ ಹಿಡಿದ. ಅದರಲ್ಲಿ ಕುಣಿಕೆಗಳನ್ನು ಒಂದರ ಮೇಲೊಂದು ದಾಟಿಸಿ ಜಡೆಯ ಹಾಗೆ ಕಾಣಿಸಬೇಕು. ಅವನು ಜನ್ಮದಲ್ಲಿ ಯಾರಿಗೂ ಜಡೆ ಹಾಕಿದವನಲ್ಲ. ತೆಂಗಿನ ನಾರಿನ ಹಗ್ಗವನ್ನು ಅಂಗಡಿಯ ಮೊಳೆಗೆ ಕಟ್ಟಿ, ಮೂರು ಎಳೆ ಮಾಡಿ, ಹೆಣೆದೂ ಬಿಚ್ಚಿಯೂ ಅಭ್ಯಾಸ ಮಾಡಿದ. ಗಡಿಯಾರ ತಂದ ಗಿರಾಕಿಗಳು ಹಗ್ಗಕ್ಕೆ ಹೂ ಮುಡಿಸಿ ಹೋಗತೊಡಗಿದರು.

"ಸ್ವೆಟರಿನಲ್ಲಿ ಜಡೆ ಇದೆಯೇ?" ಎಂದು ಒಮ್ಮೆ ನರ್ಸಮ್ಮ ಕೇಳಿದಳು.

"ಇಲ್ಲ. ಸಾದಾ."

"ಮತ್ತೆ?"

"ಬಂದಿದ್ದರೆ ಒಳ್ಳೆಯದಲ್ಲವೇ?"

ಮೂರನೆಯ ವರ್ಷದ ಕೊನೆಯಲ್ಲಿ ನರ್ಸಮ್ಮ ಹೇಳಿದಳು: "ಗಡಿಯಾರದವರೇ, ನನಗೆ ಬರುವುದೆಲ್ಲ ನಿಮಗೆ ಬಂದಿದೆ. ನನಗೆ ಬಾರದ ಎರಡು ಮೂರು ಕೂಡ ಬಂದಿವೆ. ಇನ್ನು ಶನಿವಾರ ನನ್ನ ಮನೆಗೆ ಬರಬೇಡಿ. ಹೋಗಿ ಆ ತೋಳು ಮುಗಿಸಿ."

ಅವನು ಮನೆಗೆ ಬಂದು ಕೈ ತೊಳೆದ. ಕಡ್ಡಿ ಹಿಡಿದ. ಅಕ್ಕ ಉಳಿಸಿ ಹೋಗಿದ್ದ ಬೂದು ಉಣ್ಣೆಯ ಎರಡು ಉಂಡೆಗಳಲ್ಲಿ ಒಂದನ್ನು ತೆಗೆದ. ನಾಲ್ಕು ಸಾಲು ಹೆಣೆದ. ಒಂದು ಕುಣಿಕೆಯೂ ತಪ್ಪಲಿಲ್ಲ. ಹರಡಿ ನೋಡಿದ.

ಅಕ್ಕನ ಹೆಣಿಗೆ ನಿಂತಲ್ಲಿ ಒಂದು ಗೆರೆ ಕಾಣಿಸಿತು. ಅಡಿಪಟ್ಟಿ ಇಟ್ಟು ಎಳೆದ ಹಾಗೆ ಕಾಣಿಸಿತು.

ಭೂತಗನ್ನಡಿ ಸಿಕ್ಕಿಸಿಕೊಂಡ. ಮೂರು ವರ್ಷದ ಹಿಂದೆ ಅದೇ ಗಾಜಿನಲ್ಲಿ ಅವನು ಸಾಲು ಎಣಿಸಿದ್ದ, ಕುಣಿಕೆ ನೋಡಿರಲಿಲ್ಲ. ಈಗ ನೋಡಿದ. ಅವನ ನಾಲ್ಕು ಸಾಲಿನ ಕುಣಿಕೆಗಳು ನೆಟ್ಟಗೆ ನಿಂತಿದ್ದವು. ಅಕ್ಕನವು ಒಂದೊಂದೂ ಕತ್ತು ತಿರುಚಿಕೊಂಡು ಕೂತಿದ್ದವು. ಮುಂಭಾಗದಲ್ಲಿ, ಹಿಂಭಾಗದಲ್ಲಿ, ಎಡತೋಳಿನ ನೂರ ನಲವತ್ತೆಂಟು ಸಾಲಿನಲ್ಲೂ.

ಅವನ ಮೊದಲ ತಪ್ಪು ಕಸುಬಿನಿಂದ ಬಂದದ್ದಲ್ಲ.

ನಾಲ್ಕು ಸಾಲನ್ನೂ ಬಿಚ್ಚಿದ. ದಾರವನ್ನು ಮುಳ್ಳಿನ ದಿಕ್ಕಿಗೆ ಸುತ್ತಲು ನೋಡಿದ. ಕೈ ಒಪ್ಪಲಿಲ್ಲ. ಎರಡು ಕುಣಿಕೆ ಹಾಗೆ ಸುತ್ತಿದರೆ ಮೂರನೆಯದು ತಾನಾಗಿ ನೆಟ್ಟಗೆ ನಿಲ್ಲುತ್ತಿತ್ತು. ಗಮನವಿಟ್ಟು ಸುತ್ತಿದರೆ ಒಂದು ಬಿಗಿ, ಒಂದು ಸಡಿಲ. ಹದಿನೇಳು ಸಲ ಹೆಣೆದು ಹದಿನೇಳು ಸಲ ಬಿಚ್ಚಿದ. ಸ್ವೆಟರ್ ಹಿಡಿದುಕೊಂಡು ನರ್ಸಮ್ಮನ ಬಳಿ ಓಡಿದ. ಅವಳು ಬಹಳ ಹೊತ್ತು ನೋಡಿದಳು.

"ಈ ಅಭ್ಯಾಸವನ್ನು ನಾನು ಬಿಡಿಸಬಲ್ಲೆ," ಎಂದಳು. "ಬರಿಸುವುದು ನನಗೆ ಗೊತ್ತಿಲ್ಲ."

ಆಗ ಅವನಿಗೆ ಮಫ್ಲರಿನ ನೆನಪಾಯಿತು. ನೇರ ಹಾಲಿನವಳ ಕೊಟ್ಟಿಗೆಗೆ ಹೋದ. ಕರು ಬೆಳೆದು ಹಸುವಾಗಿ ತಾನೂ ಒಂದು ಕರು ಹಾಕಿತ್ತು. ಮಫ್ಲರನ್ನು ಮುದುರಿ, ಗಾಳಿ ನುಗ್ಗದ ಹಾಗೆ ಕಿಟಕಿಯ ಸಂದಿಗೆ ತುರುಕಿದ್ದರು.

"ಅದು ಬೇಕಾಗಿತ್ತು," ಎಂದ.

"ಅಯ್ಯೋ ಅಣ್ಣ, ಅದಕ್ಕೆ ಹೇಗೆ ವಾಸನೆ ಬಂದಿದೆ ಗೊತ್ತಾ? ಈಗ ಅಷ್ಟು ಚೆನ್ನಾಗಿ ಹೆಣೆಯುತ್ತೀರಿ, ಇದೇಕೆ?"

"ಅದನ್ನು ನೋಡಿ ಕಲಿಯಬೇಕು."

ಹಾಲಿನವಳು ಅವನ ಮುಖ ನೋಡಿದಳು. ನಗಲಿಲ್ಲ. ಕಿಟಕಿಗೆ ಗೋಣಿಚೀಲ ತುರುಕಿ, ಮಫ್ಲರನ್ನು ಕೊಡವಿ ಕೊಟ್ಟಳು.

ಈ ಸಲ ತಣ್ಣೀರಿನಲ್ಲಿ ಒಗೆದ. ಒಣಗಿದ ಮೇಲೆ ಗಾಜಿನಲ್ಲಿ ನೋಡಿದ. ಗಿಳಿಹಸಿರು ಕುಣಿಕೆಗಳು ಒಂದೊಂದೂ ಕತ್ತು ತಿರುಚಿಕೊಂಡಿದ್ದವು. ಬಿಗಿಯೂ ಅಷ್ಟೇ ಇತ್ತು. ಸ್ವೆಟರಿನ ಪಕ್ಕದಲ್ಲಿಟ್ಟರೆ ಬಣ್ಣವೊಂದು ಬೇರೆ, ಕೈ ಒಂದೇ.

ಇದನ್ನು ಹೆಣೆಯುವಾಗ ತಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿದ. ಏನೂ ಮಾಡುತ್ತಿರಲಿಲ್ಲ. ಎದುರಿನ ಕುರ್ಚಿ ನೋಡುತ್ತಿದ್ದ.

ನಾಲ್ಕು ಕಡ್ಡಿ, ಜಡೆಯ ಹಗ್ಗ, ಮಾದರಿಯ ತುಂಡುಗಳು ಎಲ್ಲವನ್ನೂ ಎತ್ತಿ ಒಳಗಿಟ್ಟ. ಕಣ್ಣಿನ ಗಾಜು ತೆಗೆದ. ಸ್ಲೇಟನ್ನು ಮಾತ್ರ ಮೇಜಿನ ಮೇಲೆ ಬಿಟ್ಟ. ತನ್ನ ಹಳೆಯ ಜಾಗದಲ್ಲಿ ಕೂತು, ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು, ಕೈಯ ಕಡೆ ನೋಡದೆ ಕುರ್ಚಿಯ ಕಡೆ ನೋಡಿದ. ಮೊದಲ ಎರಡು ಸಾಲು ತಡವರಿಸಿದ. ಮೂರನೆಯ ಸಾಲಿನಲ್ಲಿ ಕೈ ತಿರುಗಿತು.

ಒಂದೊಂದು ಸಾಲಿಗೆ ಒಂದೊಂದು ಗೆರೆ ಎಳೆದ. ಹನ್ನೊಂದು ಗೆರೆಯ ತನಕ ಸ್ಲೇಟು ಸರಿಯಾಗಿದೆ, ಆಮೇಲೆ ಗೆರೆಯೇ ಇಲ್ಲ.

ಸಂಜೆಯ ಹಾಲು ತಂದವಳು ಬಾಗಿಲಲ್ಲಿ ನಿಂತು "ಅಣ್ಣ, ಹಾಲು," ಎಂದಳು. ಅವನಿಗೆ ಕೇಳಿಸಲಿಲ್ಲ. ಅವಳು ಒಳಗೆ ಹೋಗಿ, ಹಾಲು ಕಾಯಿಸಿ, ಉಕ್ಕುವ ಮುಂಚೆ ಇಳಿಸಿ, ಅವನು ಕೊಟ್ಟಿದ್ದ ಟೋಪಿಯನ್ನು ಚೊಂಬಿಗೆ ತೊಡಿಸಿ ಹೋದಳು.

ಗುರು ಕತೆ ನಿಲ್ಲಿಸಿದರು. ಮೊರದಲ್ಲಿ ಅವರೆಕಾಯಿ ಮುಗಿಯುತ್ತ ಬಂದಿತ್ತು. ಶಿಷ್ಯ ಕೊನೆಯ ಹಿಡಿ ಕಾಯಿ ಎತ್ತಿಕೊಂಡ. ಮತ್ತೆ ಕೇಳಿದ:

"ಗುರುಗಳೇ, ಅವನು ತೋಳು ಮುಗಿಸಿದನೇ? ಸೇರಿಸಿದ ಜಾಗ ಕಾಣಿಸುತ್ತದೆಯೇ?"

"ಕಾಣಿಸುವುದಿಲ್ಲ," ಎಂದರು ಗುರು. "ಆದರೆ ಬಲತೋಳು ಎಡತೋಳಿಗಿಂತ ನಾಲ್ಕು ಬೆರಳು ಉದ್ದವಿದೆ."